ಅಳಿಸಿಹೋದ ಗೆರೆಗಳು

ಹೈಸ್ಕೂಲಿನ ಮಕ್ಕಳಿಗೆ ಯುರೋಪಿಯನ್ನರು ಬಂದ ಪಾಠ ಹೇಳುವಾಗ ನಮ್ಮೂರಿನ ಮಾತನ್ನೂ ಸೇರಿಸುವುದು ನನ್ನ ರೂಢಿ. “1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಫ್ಯಾಕ್ಟರಿ ತೆರೆದರು” ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. “ಅಕ್ಕೋರೇ, ಅದರ ಚಿಮಣಿ ಈಗ ಎಲ್ಲುಂಟು?”

ಅದು ಹೊಗೆಯುಗುಳುವ ಕಾರ್ಖಾನೆಯಲ್ಲ, ಸರಕು ಕೊಂಡು ಕೂಡಿಟ್ಟು ಹಡಗಿಗೆ ತುಂಬುವ ಕೋಠಿ ಎಂದು ವಿವರಿಸುತ್ತೇನೆ. ಇಲ್ಲಿಂದ ಹೋಗುತ್ತಿದ್ದುದು ಮೆಣಸು ಮತ್ತು ನವಿರಾದ ಮಸ್ಲಿನ್ ಬಟ್ಟೆ. ಆ ಬಟ್ಟೆ ನೇಯಲು ಘಟ್ಟದ ಮೇಲೆ ಹುಬ್ಬಳ್ಳಿಯ ಸುತ್ತಮುತ್ತ 50,000ದಷ್ಟು ನೇಕಾರರಿದ್ದರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. 1752ರಲ್ಲಿ ಪೋರ್ಚುಗೀಸರು ನಮ್ಮ ಚಿತ್ತಾಕುಲದ ನೆತ್ತಿಯ ಮೇಲಿರುವ ಸದಾಶಿವಗಡವನ್ನು ಹಿಡಿದು, ಇಲ್ಲಿನ ವ್ಯಾಪಾರವೆಲ್ಲ ತಮ್ಮದೆಂದಾಗ ಇಂಗ್ಲಿಷರು ಗಂಟುಮೂಟೆ ಕಟ್ಟಿದರು. ಇಷ್ಟೆಲ್ಲ ಕೇಳಿದ ಮೇಲೂ ಹುಡುಗ ಬಿಡುವುದಿಲ್ಲ. “ಹಾಗಾದರೆ ಆ ಕೋಠಿಯನ್ನಾದರೂ ತೋರಿಸಿ.” ತೋರಿಸಲು ನನ್ನ ಬಳಿ ಒಂದು ಗೋಡೆಯೂ ಇಲ್ಲ.

ಈ ಪ್ರಶ್ನೆ ನನ್ನನ್ನು ಚುಚ್ಚುವುದಕ್ಕೆ ಬೇರೆ ಕಾರಣವಿದೆ. ನಮ್ಮ ಮನೆಯಲ್ಲೇ ಒಂದು ಗೋಡೆಯ ವಿಚಾರದಲ್ಲಿ ನಾನು ತಪ್ಪು ಮಾಡಿದವಳು.

ನಾನು ಮದುವೆಯಾಗಿ ಬಂದಾಗ ನಮ್ಮ ಮಾವನವರ ಅಕ್ಕಿ ಗಿರಣಿ ಇನ್ನೂ ನಡೆಯುತ್ತಿತ್ತು. ಉದ್ದನೆಯ ಕಲ್ಲಿನ ಕಟ್ಟಡ, ಒಂದು ತುದಿಯಲ್ಲಿ ಇಂಜಿನ್ ಕೋಣೆ, ಅಲ್ಲಿಂದ ಬೆಲ್ಟು ಸುತ್ತಿ ಬಂದು ತಿರುಗಿಸುವ ಹಲ್ಲರ್. ಒಂದು ಕಡೆ ಅಕ್ಕಿ, ಇನ್ನೊಂದು ಕಡೆ ತೌಡು. ಸುಗ್ಗಿಯಲ್ಲಿ ಕುಚ್ಚಲಕ್ಕಿಯ ಬಿಸಿ ವಾಸನೆ ಓಣಿಯ ತುಂಬ ಇರುತ್ತಿತ್ತು. ಹೊರಗಿನ ಅಕ್ಕಿ ಚೀಲಚೀಲವಾಗಿ ಅಂಗಡಿಗೆ ಬಂತು, ಗದ್ದೆ ಮಾಡುವವರು ಕಡಿಮೆಯಾದರು, ಗಿರಣಿ ತಾನಾಗಿಯೇ ನಿಂತುಹೋಯಿತು. ಹತ್ತಾರು ವರ್ಷ ಅದರಲ್ಲಿ ತೆಂಗಿನ ಮಡಲು, ಮುರಿದ ಬೆಂಚು, ಹೆಗ್ಗಣ.

2014ರಲ್ಲಿ ನನ್ನ ಮೈದುನ ಅದನ್ನು ಕೆಡವಿ ಅಂಗಡಿ ಸಾಲು ಕಟ್ಟುವ ಮಾತೆತ್ತಿದ. ನಾನೂ ಹೂಂ ಎಂದೆ. ಮಕ್ಕಳ ಓದಿನ ಖರ್ಚು ಎಲ್ಲರಿಗೂ ಇತ್ತು. ಮೊದಲು ಅರ್ಧ ಮಾಡಿನ ಹಂಚು ಇಳಿಸಿ ಮಾರಿದೆವು. ಲಾರಿಗೆ ಏರಿಸುವಾಗ ಒಂದು ಹಂಚು ಕೈಗೆತ್ತಿಕೊಂಡು ನೋಡಿದೆ. ಬೆನ್ನಿನ ಮೇಲೆ ಮಂಗಳೂರಿನ ಹೆಸರು ಅಚ್ಚೊತ್ತಿತ್ತು. ಇಪ್ಪತ್ತು ವರ್ಷ ಇತಿಹಾಸ ಹೇಳಿದವಳು ತಲೆಯ ಮೇಲಿನ ಹೆಸರನ್ನು ಒಮ್ಮೆಯೂ ಓದಿರಲಿಲ್ಲ!

ಆ ಹಂಚಿನ ಕಥೆ ಸಣ್ಣದಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣನ್ನು ಹದಮಾಡಿ, ಯಂತ್ರದಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುತ್ತಿದ್ದರು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿ ಕೂರುವ ಮಾದರಿ ಯುರೋಪಿನಿಂದ ಬಂದದ್ದು. ಮತಾಂತರಗೊಂಡು ಕುಲಕಸುಬು ಕಳೆದುಕೊಂಡವರಿಗೆ ಕೂಲಿಯ ದಾರಿ ಬೇಕೆಂಬುದೇ ಮಿಷನ್ನಿನವರು ನೇಯ್ಗೆ, ಹಂಚು ಎಂದು ಕಾರ್ಖಾನೆ ತೆರೆದುದರ ಮೂಲ. ಹುಲ್ಲಿನ ಮಾಡಿಗೆ ಬೆಂಕಿಯ ಭಯ, ವರ್ಷವರ್ಷ ಹೊದಿಸುವ ಖರ್ಚು. ಹಾಗಾಗಿ ಕರಾವಳಿಯುದ್ದಕ್ಕೂ ಹಂಚು ಹಡಗಿನಲ್ಲಿ ಹೋಯಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಕೊನೆಗೆ ಸಿಮೆಂಟಿನ ತಾರಸಿ ಬಂತು, ಮಣ್ಣು ಮತ್ತು ಸೌದೆ ದುಬಾರಿಯಾದವು. ಒಂದೊಂದೇ ಗೂಡು ಆರಿತು.

ಮರುವರ್ಷ ಜನವರಿಯಲ್ಲಿ ಶಾಲೆಯ ಗೆಳತಿಯರ ಜೊತೆ ಕೊಂಕಣ ರೈಲು ಹಿಡಿದು ಕೊಚ್ಚಿಗೆ ಹೋಗಿದ್ದೆ. ಅಲ್ಲಿ ಬಿನಾಲೆ ಎಂಬ ಕಲಾ ಪ್ರದರ್ಶನ ನಡೆದಿತ್ತು. ಚಿತ್ರಕ್ಕಿಂತ ನನ್ನ ಕಣ್ಣು ನೆಟ್ಟದ್ದು ಕಟ್ಟಡದ ಮೇಲೆ. ಆಸ್ಪಿನ್‌ವಾಲ್ ಹೌಸ್ ಎಂದು ಅದರ ಹೆಸರು. 1867ರಲ್ಲಿ ಒಬ್ಬ ಇಂಗ್ಲಿಷ್ ವ್ಯಾಪಾರಿ ಶುರುಮಾಡಿದ ಕಂಪನಿಯದು. ಮೆಣಸು, ಶುಂಠಿ, ತೆಂಗಿನೆಣ್ಣೆ, ನಾರು ಎಲ್ಲವೂ ಅಲ್ಲಿಂದ ಸಮುದ್ರ ದಾಟುತ್ತಿತ್ತು. ವ್ಯಾಪಾರ ನಿಂತ ಆ ಗೋದಾಮುಗಳನ್ನು ಕೆಡವದೆ, ಹೊಳಪು ಬಳಿದು ಹೊಸದಾಗಿಸದೆ, 2012ರಿಂದ ಕಲೆಗೆ ಬಿಟ್ಟುಕೊಟ್ಟಿದ್ದರು. ಸುಣ್ಣ ಉದುರಿದ ಗೋಡೆ ಹಾಗೆಯೇ ಇತ್ತು, ಮೇಲೆ ನಮ್ಮ ಗಿರಣಿಯಂಥದೇ ಹಂಚಿನ ಮಾಡು.

ಲಂಡನ್ನಿನಲ್ಲಿ 1981ರಲ್ಲಿ ಮುಚ್ಚಿದ ವಿದ್ಯುತ್ ಸ್ಥಾವರವೊಂದು ಚಿಮಣಿಯ ಸಮೇತ 2000ದಲ್ಲಿ ಟೇಟ್ ಮಾಡರ್ನ್ ಎಂಬ ಕಲಾಶಾಲೆಯಾಯಿತೆಂದು ಓದಿದ್ದೆ. ನಮ್ಮ ಬೆಂಗಳೂರಿನಲ್ಲಿ 1884ರ ಬಿನ್ನಿ ಮಿಲ್ಲಿನ ಜಾಗದಲ್ಲಿ ಎದ್ದಿರುವುದು ಬಹುಮಹಡಿ ಮನೆಗಳು ಮತ್ತು ಮಾಲ್. ಕಾರವಾರವೇನೂ ಹಿಂದೆ ಬಿದ್ದಿರಲಿಲ್ಲ. 2005ರಲ್ಲಿ ನಿವೃತ್ತವಾದ ಚಾಪಲ್ ಯುದ್ಧನೌಕೆಯನ್ನು ಮರುವರ್ಷವೇ ಟಾಗೋರ್ ಕಡಲತೀರಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದರು. ಮಕ್ಕಳನ್ನು ಅದರೊಳಗೆ ಕರೆದುಕೊಂಡು ಹೋದವಳು ನಾನೇ. ಹಡಗಿಗೆ ಸಿಕ್ಕ ಎರಡನೆಯ ಜನ್ಮ ಗಿರಣಿಗೆ ಯಾಕಿಲ್ಲ?

ಊರಿಗೆ ಬಂದು ಹೇಳಿದರೆ ಮೈದುನ ನಕ್ಕ. “ಅತ್ತಿಗೆ, ಗೋಡೆ ಅನ್ನ ಹಾಕುತ್ತದೆಯೇ?” ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಉಳಿಸಿದ ಕಟ್ಟಡ ತನ್ನ ಖರ್ಚನ್ನು ತಾನೇ ದುಡಿಯದಿದ್ದರೆ ನಾಲ್ಕು ಮಳೆಗಾಲದಲ್ಲಿ ಅದಾಗಿಯೇ ಬೀಳುತ್ತದೆ. ಕೊನೆಗೆ ಒಂದು ಒಪ್ಪಂದವಾಯಿತು. ರಸ್ತೆ ಬದಿಯ, ಹಂಚು ತೆಗೆದ ಭಾಗದಲ್ಲಿ ಎರಡು ಅಂಗಡಿ. ಅದರ ಬಾಡಿಗೆಯಲ್ಲಿ ಹಿಂಬದಿಯ ರಿಪೇರಿ. ಹಿಂಬದಿಯಲ್ಲಿ ಓಣಿಯ ಹೆಂಗಸರಿಗೆ ಹೊಲಿಗೆ ಕ್ಲಾಸು, ಸಂಜೆ ಮಕ್ಕಳಿಗೆ ಓದುವ ಜಾಗ. ಗೆದ್ದಲು ಹಿಡಿದ ಪಕಾಸಿಗಳನ್ನಷ್ಟೇ ಬದಲಿಸಿದೆವು. ಹಲ್ಲರ್, ಬೆಲ್ಟಿನ ಚಕ್ರ ಇದ್ದಲ್ಲಿಯೇ ಉಳಿದವು. ತುಕ್ಕು ಒರೆಸಿ ಎಣ್ಣೆ ಹಚ್ಚಿದ್ದು ನಾನೇ. ಗೋಡೆಗೆ ಎರಡು ಸಲ ಸುಣ್ಣ ಹೊಡೆಸಿದೆ. ನನ್ನ ಜಂಬ ಕೇಳಬೇಕೆ?

ಹೊಲಿಗೆ ಕ್ಲಾಸು ಶುರುವಾದ ದಿನ ಗಿರಣಿಯಲ್ಲಿ ಬಹುಕಾಲ ಕೇರಿ ತೂರಿ ಮಾಡುತ್ತಿದ್ದ ಮುದುಕಿಯೊಬ್ಬರನ್ನು ಕರೆಸಿದ್ದೆ. ಊರಿಗೆಲ್ಲ ಅವರು ಆಯಿ. ಹಲ್ಲರಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. ನೇರವಾಗಿ ಕಿಟಕಿಯ ಪಕ್ಕದ ಗೋಡೆಗೆ ಹೋಗಿ ಅಂಗೈ ಇಟ್ಟು ಸವರಿದರು.

“ಅಕ್ಕೋರೇ, ನಮ್ಮ ಗೆರೆ ಎಲ್ಲಿ ಹೋದವು?”

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಅವರಲ್ಲಿ ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ಕೇರಿದ ಒಂದೊಂದು ಕೊಳಗಕ್ಕೆ ಇದ್ದಿಲಿನಲ್ಲಿ ಒಂದೊಂದು ಗೆರೆ. ವಾರದ ಕೊನೆಗೆ ಗೆರೆ ಎಣಿಸಿ ಕೂಲಿ. “ಗಿರಣಿ ಬರುವ ಮೊದಲು ಮನೆಮನೆಗೆ ಹೋಗಿ ಒನಕೆ ಹಿಡಿದು ಕುಟ್ಟುತ್ತಿದ್ದೆವು. ಗಿರಣಿ ಬಂತು, ರಟ್ಟೆ ನೋವು ಹೋಯಿತು, ಕುಟ್ಟುವ ಕೂಲಿಯೂ ಹೋಯಿತು. ಇಲ್ಲಿ ಸಿಕ್ಕಿದ್ದು ಈ ಗೋಡೆಯ ಲೆಕ್ಕ ಮಾತ್ರ.”

ಯಂತ್ರವನ್ನು ಉಳಿಸಿದೆನೆಂದು ಬೀಗಿದವಳು ಹೆಂಗಸರ ಬರಹವನ್ನು ಹೊಲಸೆಂದು ತಿಳಿದು ಸುಣ್ಣ ಬಳಿದಿದ್ದೆ. ಆ ಗೋಡೆಯನ್ನು ನಾನು ಎಷ್ಟೋ ಸಲ ನೋಡಿದ್ದೆ, ಹಂಚನ್ನು ನೋಡಿದ ಹಾಗೆಯೇ. ಕೆಲಸ ಶುರುವಾಗುವ ಮೊದಲೇ ಆಯಿಯನ್ನು ಕರೆಸಿ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆಯಿ ನನ್ನನ್ನು ಬೈಯಲಿಲ್ಲ. “ಹೋಗಲಿ ಬಿಡಿ, ಲೆಕ್ಕ ಆಗಲೇ ತೀರಿತ್ತು” ಎಂದು ನಕ್ಕು ಚಹ ಕುಡಿದರು. ಈಗ ಅವರಿಲ್ಲ. ಆ ಗೋಡೆಯ ಕೆಳಗೆ ಹುಡುಗಿಯರು ಮಶೀನು ತುಳಿಯುತ್ತಾರೆ. ಒಂದೊಂದು ರವಕೆ ಹೊಲಿದ ಲೆಕ್ಕವನ್ನು ಪುಸ್ತಕದಲ್ಲಿ ತಾವೇ ಬರೆದು ಸಹಿ ಮಾಡುತ್ತಾರೆ. ಆ ಪುಸ್ತಕಗಳಲ್ಲಿ ಒಂದನ್ನೂ ರದ್ದಿಗೆ ಹಾಕಲು ನಾನು ಬಿಟ್ಟಿಲ್ಲ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿದ್ದಾಗ, ಮಕ್ಕಳು ಅದರ ಬಗ್ಗೆ ಬರೆದು ತರುತ್ತೇವೆಂದರು. ಅದನ್ನು ಕಟ್ಟುವಾಗ ಕಲ್ಲು ಮಣ್ಣು ಹೊತ್ತವರು ನಿಮ್ಮ ಓಣಿಯಲ್ಲಿ ಯಾರಾದರೂ ಇದ್ದಾರೋ, ಮೊದಲು ಅದನ್ನು ಕೇಳಿಕೊಂಡು ಬನ್ನಿ ಎಂದು ಕಳಿಸಿದೆ.