ನಾಲ್ಕು ತಾಲ್ಲೂಕುಗಳ ಉಳುಮೆ ಮತ್ತು ಡೀಸೆಲ್ ಇಂಜಿನ್ನಿನ ಆರೈಕೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯಲ್ಲಿ ಟ್ರ್ಯಾಕ್ಟರ್ ಬರುವ ಮುನ್ನ ಉಳುಮೆಯ ಬಲವೆಲ್ಲ ಎತ್ತುಗಳದ್ದು. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. 19ನೇ ಶತಮಾನದಲ್ಲಿ ಆ ಇಲಾಖೆಗೆ ಹುಣಸೂರು ಕೇಂದ್ರವಾಗಿತ್ತು. ಕೆ.ಆರ್.ನಗರ ಸೀಮೆಯ ಚುಂಚನಕಟ್ಟೆ ಜಾತ್ರೆ ಇಂದಿಗೂ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳಿಗೆ ಹೆಸರುವಾಸಿ. ಲಾಳ ಕಟ್ಟಿಸುವುದು, ಹುರುಳಿ ಬೇಯಿಸಿ ಹಾಕುವುದು, ಮೈ ತೊಳೆಯುವುದು ಬೇಸಾಯದ ಮನೆಯಲ್ಲಿ ನಿತ್ಯದ ಕೆಲಸಗಳಾಗಿದ್ದವು.

ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರನ್ನು ಐಷರ್ ಕಂಪನಿ 1959ರಲ್ಲಿ ಹೊರತಂದಿತು. ಎಚ್‌ಎಂಟಿ 1971ರಲ್ಲಿ ಝೆಟರ್ ಕಂಪನಿಯ ವಿನ್ಯಾಸದ ಟ್ರ್ಯಾಕ್ಟರುಗಳನ್ನು ತಯಾರಿಸತೊಡಗಿತು. ಇಂಜಿನ್ನಿಗೆ ಡೀಸೆಲ್ ಹೊಡೆಯುವ ಪಂಪು, ನಾಝಲ್‌ಗಳ ವಿಷಯದಲ್ಲಿ ಬೆಂಗಳೂರಿನ ಹೆಸರು ದೊಡ್ಡದು: 1951ರಲ್ಲಿ ಸ್ಥಾಪನೆಯಾದ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಅವನ್ನು ತಯಾರಿಸಿತು. ಈ ಪಂಪಿನ ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದು. ಡೀಸೆಲ್‌ನಲ್ಲಿ ಸೇರಿಬಂದ ಸಣ್ಣ ಮರಳ ಕಣವೂ ಅದನ್ನು ಗೀರಿ ಕೆಡಿಸಬಲ್ಲದು.

ಎತ್ತಿನ ಜಾಗಕ್ಕೆ ಇಂಜಿನ್ ಬಂದಾಗ ಆರೈಕೆಯ ರೀತಿಯೂ ಬದಲಾಗಬೇಕಾಯಿತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆಗಳ ಹೊಗೆಸೊಪ್ಪಿನ ಹೊಲಗಳನ್ನು ಮೇ ತಿಂಗಳ ನಾಟಿಗೆ ಮೊದಲೇ ಹದ ಮಾಡಬೇಕು. ಆಗ ಕೆಂಪು ಮಣ್ಣಿನ ಧೂಳು ಟ್ರ್ಯಾಕ್ಟರನ್ನೇ ಮುಚ್ಚುತ್ತದೆ. ಕೆ.ಆರ್.ನಗರದ ನಾಲೆ ಬಯಲಿನ ಭತ್ತದ ಗದ್ದೆಗಳಲ್ಲಿ ಕೇಜ್‌ವೀಲ್ ಎಂಬ ಕಬ್ಬಿಣದ ಚಕ್ರ ಹಾಕಿ ಕೆಸರು ಕಲಸುವಾಗ ಇಂಜಿನ್ ಗಂಟೆಗಟ್ಟಲೆ ಭಾರ ಹೊರುತ್ತದೆ. ಅದರ ರೇಡಿಯೇಟರಿಗೆ ಕೆಸರು, ಕಸ ಮೆತ್ತಿಕೊಳ್ಳುತ್ತವೆ.

ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿಯನ್ನು ಶೋಧಿಸುವುದು ಎಣ್ಣೆ ತುಂಬಿದ ಬಟ್ಟಲು. ಗಾಳಿ ಎಣ್ಣೆಯ ಮೇಲೆ ಹಾಯುವಾಗ ಧೂಳು ಅದರಲ್ಲಿ ಸಿಕ್ಕಿಬಿದ್ದು ತಳದಲ್ಲಿ ರಾಡಿಯಾಗಿ ನಿಲ್ಲುತ್ತದೆ. ಧೂಳಿನ ದಿನಗಳಲ್ಲಿ ಬಟ್ಟಲನ್ನು ದಿನವೂ ಬಿಚ್ಚಿ ನೋಡಿ, ರಾಡಿ ಕಂಡರೆ ತೊಳೆದು ಗುರುತಿನವರೆಗೆ ಹೊಸ ಎಣ್ಣೆ ತುಂಬಬೇಕು. ಇಲ್ಲದಿದ್ದರೆ ಮಣ್ಣು ಸಿಲಿಂಡರಿಗಿಳಿದು ರಿಂಗು, ಲೈನರ್‌ಗಳನ್ನು ಅರೆಯುತ್ತದೆ. ನೀಲಿ ಹೊಗೆ ಕಾಣಿಸುವ ಹೊತ್ತಿಗೆ ಸವೆತ ಬಹಳ ಮುಂದುವರಿದಿರುತ್ತದೆ. ಸಂಜೆ ಡೀಸೆಲ್ ಟ್ಯಾಂಕು ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಒಳಗೆ ನೀರಹನಿ ಕಟ್ಟುವುದು ಕಡಿಮೆ. ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತೆಗೆಯದಿದ್ದರೆ ಇಂಜಿನ್ ಸ್ಟಾರ್ಟ್ ಆಗುವುದೇ ಕಷ್ಟ. ಹಲವು ಮಾದರಿಗಳಲ್ಲಿ ಇಂಜಿನ್ ಆಯಿಲನ್ನು ಸುಮಾರು 250 ಗಂಟೆಗೊಮ್ಮೆ ಬದಲಿಸಬೇಕು. ಆಯಾ ಕಂಪನಿಯ ಕೈಪಿಡಿ ಹೇಳುವ ಅವಧಿಯೇ ಅಂತಿಮ.

50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ ಬಂದಿದೆ. ಅದಕ್ಕೆ ಹೊಂದುವ ಹೊಸ ಇಂಜಿನ್ನುಗಳಲ್ಲಿ ಡೀಸೆಲ್‌ನ ಒತ್ತಡ ಇನ್ನೂ ಹೆಚ್ಚು, ಕೊಳೆಯನ್ನು ತಾಳುವ ಶಕ್ತಿ ಇನ್ನೂ ಕಡಿಮೆ. ಗಾಳಿ, ಡೀಸೆಲ್, ಎಣ್ಣೆ ಈ ಮೂರನ್ನೂ ಚೊಕ್ಕವಾಗಿಟ್ಟ ಇಂಜಿನ್ ಈ ಮಣ್ಣಿನಲ್ಲೂ ದೀರ್ಘಕಾಲ ಬಾಳುತ್ತದೆ.