ಒರೆಯ ಬೆಲೆ, ಅಲಗಿನ ಬೆಲೆ

ಆಯುಧಪೂಜೆಯ ದಿನ ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನ ಮನೆಗಳಲ್ಲಿ ಕುಂಕುಮ ಹಚ್ಚಿಸಿಕೊಳ್ಳುವ 'ಆಯುಧ'ಗಳೆಂದರೆ ಈಳಿಗೆಮಣೆ, ಸ್ಪ್ಯಾನರು, ಸ್ಕೂಟರು, ಕಾರು. ಪಕ್ಕದ ಪೀಣ್ಯದಲ್ಲಾದರೆ ಲೇತು, ಡ್ರಿಲ್ಲಿಂಗ್ ಯಂತ್ರ. ಈಚೆಗೆ ಕೆಲವು ಮನೆಗಳಲ್ಲಿ ಈ ಸಾಲಿಗೆ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ಚಾರಣದ ಹುಚ್ಚು ಹತ್ತಿದವರು ಆಸೆಪಟ್ಟು ತರಿಸಿಟ್ಟುಕೊಳ್ಳುವ, ಮಡಿಸಲು ಬಾರದ, ದಪ್ಪ ಅಲಗಿನ ಕಾಡುಚೂರಿ.

ಈ ಚೂರಿಪ್ರಿಯರು ಒಂದೆಡೆ ಸೇರಿದರೆ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಉಕ್ಕು ಯಾವುದು? ಹದ ಹೇಗಿದೆ? ಅಲಗಿನ ಬಾಲ ಹಿಡಿಯ ತುದಿಯವರೆಗೂ ಹೋಗಿದೆಯೋ, ಅರ್ಧಕ್ಕೇ ನಿಂತಿದೆಯೋ? ಒರೆಯಿಂದ ಒಂದೇ ಕೈಯಲ್ಲಿ ಹಿರಿಯಲು ಬರುತ್ತದೆಯೇ? ಇವರಲ್ಲಿ ಹಲವರಿಗೆ ಮಾದರಿ ಅಮೆರಿಕದ ನೌಕಾಪಡೆಯ ಮೆರೀನ್ ಸೈನಿಕರು 1942ರಿಂದ ಸೊಂಟಕ್ಕೆ ಕಟ್ಟಿಕೊಂಡ, 7 ಅಂಗುಲ ಅಲಗಿನ ಕಾ-ಬಾರ್ ಚೂರಿ. ಯುದ್ಧಕ್ಕೆಂದು ಮಾಡಿದ ಆ ಚೂರಿ ಡಬ್ಬಿ ತೆರೆಯಲು, ಗುಂಡಿ ತೋಡಲು, ಕಟ್ಟಿಗೆ ಸೀಳಲು ಬಳಕೆಯಾದದ್ದೇ ಹೆಚ್ಚು. ಹಾಗಿದ್ದರೂ ಈ ಪ್ರಶ್ನೆಗಳನ್ನು ಅಮೆರಿಕದಿಂದ ಆಮದು ಮಾಡಿಕೊಳ್ಳಬೇಕಾದ ಅಗತ್ಯ ಕನ್ನಡನಾಡಿಗೆ ಇರಲಿಲ್ಲ.

ಮೊದಲು ಉಕ್ಕಿನ ಮಾತು. 1794ರಲ್ಲಿ ಮುಂಬಯಿಯಿಂದ ಡಾ. ಹೆಲೆನಸ್ ಸ್ಕಾಟ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಉಕ್ಕಿನ ಕೆಲವು ಗಟ್ಟಿಗಳನ್ನು ಕಳುಹಿಸಿದ. ಅದಕ್ಕಿದ್ದ ಹೆಸರು 'ವೂಟ್ಸ್'. ಇದು ಕನ್ನಡದ 'ಉಕ್ಕು' ಪದದಿಂದ ಬಂದುದೆಂದೂ, 'ವೂಕ್' ಎಂದು ಬರೆದದ್ದನ್ನು ಯಾರೋ ತಪ್ಪಾಗಿ ಓದಿ 'ವೂಟ್ಸ್' ಮಾಡಿರಬೇಕೆಂದೂ ನಿಘಂಟುಕಾರರು ಊಹಿಸಿದ್ದಾರೆ. ಅದನ್ನು ಪರೀಕ್ಷಿಸಿ 1795ರಲ್ಲಿ ಪ್ರಬಂಧ ಬರೆದವನು ಜಾರ್ಜ್ ಪಿಯರ್ಸನ್. ಆದರೆ ನಿಜವಾದ ಪರೀಕ್ಷೆ ನಡೆದದ್ದು ಲಂಡನ್ನಿನ ಚೂರಿ ತಯಾರಕ ಜೇಮ್ಸ್ ಸ್ಟೋಡಾರ್ಟ್‌ನ ಕುಲುಮೆಯಲ್ಲಿ. ಬ್ಯಾಂಕ್ಸ್ ಹೇಳಿದ್ದರಿಂದ ಅವನು ಆ ಗಟ್ಟಿಯಲ್ಲಿ ಒಂದು ಸಣ್ಣ ಚೂರಿ ಬಡಿದ. ಬಡಿಯುವುದು ಬಹಳ ಕಷ್ಟವಾಯಿತು. ಆದರೆ ಅದರ ಬಾಯಿ ತಮ್ಮ ದೇಶದ ಒಳ್ಳೆಯ ಉಕ್ಕಿನ ಚೂರಿಯಷ್ಟೇ ಚೆನ್ನಾಗಿ ಕತ್ತರಿಸಿದ್ದನ್ನು ಕಂಡು, ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಇದು ಹೇಳಿ ಮಾಡಿಸಿದಂತಿದೆ ಎಂದ. ಮುಂದೆ ತನ್ನ ಅಂಗಡಿಯ ವ್ಯಾಪಾರಚೀಟಿಯಲ್ಲೇ, ವರ್ಷಗಟ್ಟಲೆ ಹೋಲಿಸಿ ನೋಡಿದ ಮೇಲೆ ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ಈ ಉಕ್ಕನ್ನೇ ಮೆಚ್ಚಿರುವುದಾಗಿ ಅಚ್ಚು ಹಾಕಿಸಿದ. ಚೂರಿ ಮಾರುವವನೊಬ್ಬ ಕೊಟ್ಟ ಇಂಥ ಪ್ರಮಾಣಪತ್ರ ನೂರು ಪ್ರಬಂಧಗಳಿಗೆ ಸಮ. ನಂತರ ಇದೇ ಸ್ಟೋಡಾರ್ಟ್ ಜತೆಗೂಡಿ ಮೈಕೇಲ್ ಫ್ಯಾರಡೆ ಉಕ್ಕಿನ ಮೇಲೆ ಪ್ರಯೋಗ ನಡೆಸಿದ್ದು ಪ್ರಸಿದ್ಧ ಸಂಗತಿ.

ಆ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಕುಲುಮೆಗಳು ಇನ್ನೂ ಉರಿಯುತ್ತಿದ್ದವು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಾಗಡಿ, ಮಧುಗಿರಿ, ಚೆನ್ನರಾಯನದುರ್ಗದ ಆಸುಪಾಸಿನ ಕಬ್ಬಿಣ ಮತ್ತು ಉಕ್ಕಿನ ಕೆಲಸವನ್ನು ಬರೆದಿಟ್ಟಿದ್ದಾನೆ. ಮಳೆಗಾಲದ ಹಳ್ಳಗಳು ಹೊತ್ತು ತಂದ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಯೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ತಿದಿ ಒತ್ತಿ ಕಾಯಿಸಿದರೆ ಉಕ್ಕು. ಕಡ್ಡಿ, ಎಲೆ ಮಂತ್ರತಂತ್ರವಲ್ಲ. ಸುಟ್ಟು ಇಂಗಾಲವಾಗಿ ಅವು ಕಬ್ಬಿಣದೊಳಗೆ ಸೇರುತ್ತಿದ್ದವು. ಹೀಗೆ ಆದ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡರೊಳಗೆ. ಕಲ್ಲುಕುಟಿಗರ ಉಳಿಗೂ ಕತ್ತಿಯ ಅಲಗಿಗೂ ಬಳಕೆಯಾಗುತ್ತಿದ್ದ ಇದೇ ಉಕ್ಕನ್ನು ಚನ್ನಪಟ್ಟಣದಲ್ಲಿ ತಂತಿಯಾಗಿ ಎಳೆದು ವಾದ್ಯಗಳಿಗೂ ಕಳಿಸುತ್ತಿದ್ದರು. ಉಳಿ, ಕತ್ತಿ, ವೀಣೆಯ ತಂತಿ ಮೂರಕ್ಕೂ ಒಂದೇ ತಾಯಿ!

ಈ ಉಕ್ಕಿನ ಗುಟ್ಟು ಬಹಳ ಕಾಲ ವಿಜ್ಞಾನಿಗಳನ್ನು ಕಾಡಿತು. ಅದಿರಿನಲ್ಲಿದ್ದ ವನೇಡಿಯಂನಂಥ ಧಾತುಗಳ ಲೇಶದಿಂದಲೇ ಅಲಗಿನ ಮೇಲೆ ನೀರಲೆಯಂಥ ಗೆರೆಗಳು ಮೂಡುತ್ತಿದ್ದವೆಂದು 1998ರಲ್ಲಿ ಅಮೆರಿಕದ ವೆರ್‌ಹೋವನ್ ಮತ್ತು ಅವರ ಸಂಗಡಿಗರು ತೋರಿಸಿದರು. ಅಷ್ಟರಲ್ಲಿ ನಮ್ಮ ಮೂಸೆಗಳು ತಣ್ಣಗಾಗಿ ಎಷ್ಟೋ ಕಾಲ ಸಂದಿತ್ತು. ಶೆಫೀಲ್ಡಿನ ಅಗ್ಗದ ಉಕ್ಕು ಬಂದಿಳಿದದ್ದು, ಇದ್ದಿಲಿಗೆ ಬೇಕಾದ ಕಾಡು ಸರಕಾರದ ಪಾಲಾದದ್ದು, ಪಾಳೆಯಗಾರರ ಸೈನ್ಯಗಳು ಕರಗಿದ್ದು, ಎಲ್ಲವೂ ಸೇರಿ 19ನೆಯ ಶತಮಾನ ಕಳೆಯುವುದರೊಳಗೆ ಕಸುಬು ನಿಂತಿತು.

ಉಕ್ಕಿನ ಕಥೆ ಹೀಗೆ ಮುಗಿದರೂ, ಅಲಗು ಮತ್ತು ಅದನ್ನು ಹೊರುವ ರೀತಿಯ ಬಗೆಗಿನ ತಿಳಿವಳಿಕೆ ಒಂದು ಕಡೆ ಉಳಿಯಿತು. ಅದು ಕೊಡಗು.

ಕೊಡವರ ಉಡುಪಿನಲ್ಲಿ ಎರಡು ಕತ್ತಿಗಳಿವೆ. ಕಪ್ಪು ಕುಪ್ಯದ ಮೇಲೆ ಸುತ್ತಿದ ಕೆಂಪು ಚೇಲೆಯಲ್ಲಿ, ಎದುರಿಗೆ ಸಿಕ್ಕಿಸಿಕೊಳ್ಳುವುದು ಪೀಚೆಕತ್ತಿ. ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ಒರೆಯಿಲ್ಲದೆ ತೂಗುವುದು ಒಡಿಕತ್ತಿ. ಎಗರ್ಟನ್ 1880ರಲ್ಲಿ ಪ್ರಕಟಿಸಿದ ಭಾರತೀಯ ಆಯುಧಗಳ ಪಟ್ಟಿಯಲ್ಲಿ 'ಆಯ್ದ ಕತ್ತಿ' ಎಂದು ಕರೆದಿರುವುದು ಈ ಒಡಿಕತ್ತಿಯನ್ನೇ. ಅದು 'ಆಯುಧ ಕತ್ತಿ'ಯ ಇಂಗ್ಲಿಷ್ ಅವತಾರ.

ಒಡಿಕತ್ತಿಯನ್ನು ಕೈಯಲ್ಲಿ ಹಿಡಿದವರಿಗೆ ಅದರ ಬುದ್ಧಿವಂತಿಕೆ ಕೂಡಲೇ ಗೊತ್ತಾಗುತ್ತದೆ. ಅಲಗು ಮುಂದಕ್ಕೆ ಬಾಗಿದೆ, ಬಾಯಿ ಇರುವುದು ಬಾಗಿನ ಒಳಮಗ್ಗುಲಲ್ಲಿ. ಹಿಡಿಯಿಂದ ದೂರ ಹೋದಂತೆ ಅಲಗು ಅಗಲವಾಗುವುದರಿಂದ ತೂಕವೆಲ್ಲ ಮುಂದಿದೆ. ಬೀಸಿದರೆ ಕತ್ತಿ ತಾನೇ ಮುನ್ನುಗ್ಗುತ್ತದೆ, ತೋಳಿನ ಬಲ ಕಡಿಮೆ ಸಾಕು. ಹಿಡಿಯ ತುದಿಯ ದಪ್ಪ ಗಂಟು ಅಲಂಕಾರಕ್ಕಲ್ಲ. ಬೀಸುವಾಗ, ಅದೂ ಕೊಡಗಿನ ಮಳೆಯಲ್ಲಿ ಕೈ ಒದ್ದೆಯಾಗಿದ್ದಾಗ, ಹಿಡಿ ಜಾರಿ ಹೋಗದಂತೆ ತಡೆಯುವುದು ಅದೇ. ಗೂರ್ಖಾಗಳ ಖುಕ್ರಿಯೂ ಇದೇ ತತ್ತ್ವದ್ದು. ಕಾಡಿನ ಬಳ್ಳಿ, ಬಿದಿರು, ಮುಳ್ಳುಪೊದೆಯ ನಡುವೆ ದಾರಿ ಮಾಡಿಕೊಳ್ಳುವವರಿಗೆ ನೇರ ಖಡ್ಗಕ್ಕಿಂತ ಇದು ಮೇಲು.

ಪೀಚೆಕತ್ತಿಯ ಜಾತಿ ಬೇರೆ. ಒಂದು ಗೇಣಿಗಿಂತ ದೊಡ್ಡದಲ್ಲದ ಅಲಗು, ಬೆನ್ನು ದಪ್ಪ, ಬಾಯಿ ಒಂದೇ ಕಡೆ. ಇದು ಕೈಗತ್ತಿ. ಹಳೆಯ ಕೆಲವು ಪೀಚೆಕತ್ತಿಗಳ ಒರೆಯಿಂದ ತೂಗುವ ಬೆಳ್ಳಿ ಸರಪಳಿಯಲ್ಲಿ ಉಗುರು ತೆಗೆಯುವ ಕಡ್ಡಿ, ಚಿಮಟ, ಕಿವಿಗುಗ್ಗೆಯ ಸೌಟು ಕೂಡ ಇರುತ್ತವೆ. ಊರುಬಿಟ್ಟು ಹೊರಟವನಿಗೆ ಬೇಕಾದದ್ದೆಲ್ಲ ಸೊಂಟದಲ್ಲೇ! ಆದರೆ ಒಳ್ಳೆಯ ಪೀಚೆಕತ್ತಿಯನ್ನು ಈಗ ಜನ ಮೆಚ್ಚುವುದು ಅಲಗಿಗಾಗಿ ಅಲ್ಲ. ಗಿಳಿಯ ತಲೆಯಂಥ ಹಿಡಿ, ಬೆಳ್ಳಿಯ ಕಟ್ಟು, ಚಿನ್ನದ ಕುಸುರಿಗೆ. ಐರಿ ಕುಲದ ಕಮ್ಮಾರನ ಕೆಲಸ ಅಕ್ಕಸಾಲಿಗನ ಕೆಲಸದೊಳಗೆ ಮರೆಯಾಯಿತು. ಮದುವೆಗಳಲ್ಲಿ ಹಿರಿಯದೇ ಉಳಿಯುವ ಕತ್ತಿಯ ಹದವನ್ನು ಯಾರು ಕೇಳಬೇಕು?

ಇದಕ್ಕೆ ಫ್ಯಾಷನ್ನನ್ನಷ್ಟೇ ದೂರುವುದು ಸರಿಯಲ್ಲ, ರಾಜಕಾರಣವೂ ಇದೆ. 1837ರ ಅಮರ ಸುಳ್ಯ ಬಂಡಾಯವನ್ನು ಅಡಗಿಸಲು ನೆರವಾದ ಕೊಡವರಿಗೆ ಕಂಪನಿ ಸರಕಾರ ಪದಕಗಳನ್ನು ಕೊಟ್ಟಿತು. ಪದಕದ ಒಂದು ಮುಖದಲ್ಲಿ ಕತ್ತಿ ಎತ್ತಿದ ಕೊಡವ ಯೋಧ, ಇನ್ನೊಂದರಲ್ಲಿ ಅವನ ಕತ್ತಿ. ಬರಹ ಕನ್ನಡದಲ್ಲಿಯೂ ಇದೆ. ಅದೇ ವರ್ಷ ಅಕ್ಟೋಬರ್ 31ರಂದು ಬಂಡಾಯದ ನಾಯಕ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಒಂದೇ ನಾಡಿನ ಒಂದು ಕತ್ತಿ ಪದಕವೇರಿತು, ಇನ್ನೊಂದು ಅಪರಾಧದ ಸಾಕ್ಷಿಯಾಯಿತು. 1857ರ ದಂಗೆಯ ನಂತರ ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅದು ಕೊಡಗಿಗೆ ಅನ್ವಯಿಸದೆಂದು ಸಾರಿದ. ಸ್ವತಂತ್ರ ಭಾರತದಲ್ಲಿಯೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ರಿಯಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಕೂಡ ಎತ್ತಿಹಿಡಿಯಿತು. ವಾದವೆಲ್ಲ ಕೋವಿಯ ಸುತ್ತಲೇ ನಡೆದದ್ದು ಸಹಜ. ಕಮ್ಮಾರನ ಕೈ ಕಟ್ಟದ ಈ ಕಾನೂನು ಅವನ ಕುಲುಮೆಯನ್ನೇನೂ ಉಳಿಸಲಿಲ್ಲ. ಆಯುಧ ಹಕ್ಕಿನ ಗುರುತಾದ ಮೇಲೆ ಅದು ಕತ್ತರಿಸಬೇಕೆಂಬ ನಿಯಮವಿಲ್ಲ.

ಉಳಿದ ನಾಡಿಗೆ ಸರಕಾರ ಅಳತೆಗೋಲು ಹಿಡಿದೇ ಬಂದಿತು. 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಮಾಡಿದ ನಿಯಮಗಳಲ್ಲಿ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚೂರಿ ಕಠಾರಿಗಳು ಶಸ್ತ್ರಗಳ ಪಟ್ಟಿಗೆ ಸೇರುತ್ತವೆ. ಮನೆಗೆಲಸ, ವ್ಯವಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಮಾತ್ರ ಹೊರಗಿಟ್ಟಿದ್ದಾರೆ. ಹಾಗಾಗಿ ಅಡಿಕೆ ತೋಟದ ಕತ್ತಿ ಎಷ್ಟೇ ಅಗಲವಿದ್ದರೂ ಸಲಕರಣೆ. ಅದೇ ಅಳತೆಯ ಕಾಡುಚೂರಿಯ ಮೇಲೆ ಸೈನ್ಯದ ಬಣ್ಣ ಬಳಿದರೆ ಅದು ಏನಾಗುತ್ತದೆಂಬುದು ನೋಡುವ ಪೊಲೀಸನ ಕಣ್ಣಿಗೆ ಬಿಟ್ಟದ್ದು. ಚಾರಣಕ್ಕೆ ಹೊರಟವರು ಉಕ್ಕಿನ ನಂಬರಿಗಿಂತ ಮೊದಲು ಈ ನಿಯಮವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಬಳಕೆಯಲ್ಲಿ ಅಲಗನ್ನು ಒರೆಗೆ ಹಚ್ಚುವ ಪದ್ಧತಿ ಮಾತ್ರ ಕೊಡಗಿನಲ್ಲಿ ಎರಡು ಕಡೆ ಉಳಿದಿದೆ. ಸೆಪ್ಟೆಂಬರ್ ಮೊದಲಲ್ಲಿ, ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳನ್ನು ತೊಳೆದು ಒರೆಸಿ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ವರ್ಷಕ್ಕೊಮ್ಮೆಯಾದರೂ ತುಕ್ಕು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಮದುವೆಯ ಬಾಳೆ ಬಿರ್‌ದ್. ಸಾಲಾಗಿ ನೆಟ್ಟ ಬಾಳೆದಿಂಡನ್ನು ನಂಟರಲ್ಲಿ ಗೌರವಕ್ಕೆ ಪಾತ್ರನಾದವನು ಒಡಿಕತ್ತಿಯ ಒಂದೇ ಏಟಿಗೆ ತುಂಡರಿಸಬೇಕು. ಬಾಳೆದಿಂಡು ಮೆದುವೆಂದು ಹಗುರವಾಗಿ ಎಣಿಸುವಂತಿಲ್ಲ. ನೀರು ತುಂಬಿದ ನಾರಿನ ಪದರಗಳಿಗೆ ಮೊಂಡು ಕತ್ತಿ ತಗುಲಿದರೆ ದಿಂಡು ಜಜ್ಜಿ, ನಾರು ಅಲಗಿಗೆ ಸುತ್ತಿಕೊಂಡು, ಅರ್ಧಕ್ಕೇ ನಿಲ್ಲುತ್ತದೆ, ಅದೂ ಸುತ್ತ ನಿಂತ ನೆಂಟರೆಲ್ಲರ ಎದುರಿಗೆ.