ಹದಿನೆಂಟು ನಿಮಿಷದ ವಿದಾಯ

ಮಾಹ್ಲರನ ಒಂಬತ್ತನೇ ಸಿಂಫನಿಯ ಕೊನೇ ಭಾಗಕ್ಕೆ ಬರ್ನ್‌ಸ್ಟೈನ್ 1985ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೆಗೆದುಕೊಂಡದ್ದು ಹೆಚ್ಚುಕಮ್ಮಿ ಅರ್ಧ ಗಂಟೆ. ಬ್ರೂನೊ ವಾಲ್ಟರ್ 1938ರಲ್ಲಿ ವಿಯೆನ್ನಾದಲ್ಲಿ ಮುಗಿಸಿದ್ದು ಸುಮಾರು 18 ನಿಮಿಷಕ್ಕೆ. ಸ್ವರಗಳು ಅವೇ!

ನಾನು ಮೊದಲು ಕೇಳಿದ್ದು ಬರ್ನ್‌ಸ್ಟೈನನದು. ವಿದಾಯ ಅಂದರೆ ಹೀಗೇ ಎಳೆದೆಳೆದು ಇರಬೇಕು ಅಂದುಕೊಂಡಿದ್ದೆ. ಆಮೇಲೆ ವಾಲ್ಟರನದು ಕೇಳಿದಾಗ, ಇದೇನಪ್ಪಾ ಅವಸರ ಅನ್ನಿಸಿತು. ಆದರೆ ಈತ ಮಾಹ್ಲರನಿಗೆ ಸಹಾಯಕನಾಗಿದ್ದವನು. ಮಾಹ್ಲರ್ 1911ರಲ್ಲಿ ತೀರಿಕೊಂಡ ಮೇಲೆ, 1912ರಲ್ಲಿ ಈ ಕೃತಿಯ ಮೊದಲ ಪ್ರದರ್ಶನಕ್ಕೆ ಕಂಡಕ್ಟರ್ (ಬಸ್ಸಿನವರಲ್ಲ!) ಆಗಿದ್ದವನೂ ಇವನೇ.

1938ರದು ಜನವರಿ 16ರ ಕಛೇರಿಯಲ್ಲೇ ಮುದ್ರಿಸಿಕೊಂಡದ್ದು. ಸಭಿಕರು ಕೆಮ್ಮುವುದೂ ಕೇಳಿಸುತ್ತದೆ. ಎರಡು ತಿಂಗಳಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು. ಯಹೂದಿಯಾದ ವಾಲ್ಟರ್ ದೇಶಭ್ರಷ್ಟನಾದ. ಮೊದಲ ಪಿಟೀಲಿನ ಆರ್ನಲ್ಡ್ ರೋಸೆ, ಮಾಹ್ಲರನ ತಂಗಿಯ ಗಂಡ, ಲಂಡನ್ನಿಗೆ ಹೋಗಿ ಬದುಕಿಕೊಂಡ.

ಆ ವೇಗ ಬರೀ ಭಯದ್ದೇ? ನನಗೆ ಪೂರ್ತಿ ಒಪ್ಪಿಗೆಯಿಲ್ಲ. 1961ರಲ್ಲಿ, 84ರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ನೆಮ್ಮದಿಯಾಗಿ ಮುದ್ರಿಸುವಾಗಲೂ ವಾಲ್ಟರ್ ಅದೇ ಭಾಗಕ್ಕೆ ತೆಗೆದುಕೊಂಡದ್ದು 21 ನಿಮಿಷ ಅಷ್ಟೇ. ಅದು ಸೊಗಸಾಗಿದೆ, ಸ್ಪಷ್ಟವಾಗಿದೆ. ಆದರೂ ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು ಆ ಕೆಮ್ಮಿನ ಮುದ್ರಿಕೆಯನ್ನೇ.